ಹಿಂದೆ ನಿಲ್ಲುವ ಕಾಂತರಾಜು

ಕಾಂತರಾಜು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಗದ್ದವನ್ನು ಒಂದಿಷ್ಟು ಮೇಲಕ್ಕೆತ್ತಿ, ಯಾರನ್ನೂ ನೋಡದೆ ಎಲ್ಲರನ್ನೂ ನೋಡುತ್ತಿರುವವನಂತೆ ನಿಂತನೆಂದರೆ, ಹೊಳೆನರಸೀಪುರದ ಪೇಟೆಬೀದಿಯಲ್ಲಿ ಸೈಕಲ್ಲಿನ ಮೇಲೆ ಹೋಗುವವನು ಕೂಡ ಇಳಿದು ತಳ್ಳಿಕೊಂಡು ಹೋಗಬೇಕು ಅನ್ನಿಸುವಂಥ ನಿಲುವು ಅದು. ಆರಡಿಗೆ ಮಿಕ್ಕ ಎತ್ತರ, ಬಾಗಿಲ ಅಗಲದ ಭುಜ, ಹುರಿಗೊಳಿಸಿದ ಮೀಸೆ, ಅದರ ಮೇಲೆ ಸದಾ ಕೆಂಪಗೆ ಉರಿಯುವ ಎರಡು ಕಣ್ಣು. ಆ ಕೆಂಪು ರೋಷದ್ದಲ್ಲ, ಒಣಮೆಣಸಿನಕಾಯಿ ಘಾಟಿನದು ಎಂಬುದು ಅವನ ಗಿರಣಿಗೆ ರಾಗಿ ಹೊತ್ತುಕೊಂಡು ಹೋಗುವ ನಮ್ಮಂಥವರಿಗಷ್ಟೇ ಗೊತ್ತು.

ಅವನದು ಹಿಟ್ಟಿನ ಗಿರಣಿ. ತಂದೆ ಇಟ್ಟದ್ದು. ಮೂವತ್ತು ವರ್ಷ ಆ ಯಂತ್ರದ ಸದ್ದಿನಲ್ಲಿ ನಿಂತು ನಿಂತು, ಮಾತಿಗಿಂತ ಕೈಸನ್ನೆಯೇ ಅವನಿಗೆ ಹತ್ತಿರದ ಭಾಷೆಯಾಗಿಬಿಟ್ಟಿತ್ತು, ಮಾತಾಡಿದರೂ ಒಂದೇ ಮಾತು, "ಆಯ್ತು ಬುಡಿ." ಸಾಲು ತಪ್ಪಿಸಿ ಮುಂದೆ ನುಗ್ಗಿದವರಿಗೂ ಆಯ್ತು ಬುಡಿ, ಅದನ್ನು ಕಂಡು ಕೂಗಾಡಿದವರಿಗೂ ಆಯ್ತು ಬುಡಿ. ಒಮ್ಮೆ ಹೀಗೆ ಇಬ್ಬರ ಜಗಳದ ನಡುವೆ ಸಿಕ್ಕಿ, ಒಬ್ಬರ ಗೋಧಿಯ ಮೇಲೆ ಇನ್ನೊಬ್ಬರ ರಾಗಿ ಸುರಿದು, ಕೊನೆಗೆ ಇಬ್ಬರಿಗೂ ತನ್ನ ಮನೆಯ ಡಬ್ಬದಿಂದಲೇ ಹಿಟ್ಟು ತಂದು ಅಳೆದುಕೊಟ್ಟ. ಮಾಂಸದಂಗಡಿಯ ಬಾಗಿಲಲ್ಲಿ ಮಲಗುವ ನಾಯಿಗೆ ಹೆದರಿ, ಮನೆಗೆ ಹೋಗಲು ದಿನವೂ ಇನ್ನೊಂದು ಬೀದಿ ಸುತ್ತುತ್ತಾನೆ. "ಆನೆಯಂಥ ಮೈ, ಅಳಿಲಿನಂಥ ಜೀವ ನಮ್ಮನೆಯೋರ್ದು," ಎಂದು ಅವನ ಹೆಂಡತಿ ಸ್ನೇಹಲತಾ ನಮ್ಮೆದುರಿಗೇ ನಗುತ್ತಿದ್ದರೆ, ಅವನೂ ರೆಪ್ಪೆಯ ಮೇಲಿನ ಹಿಟ್ಟು ಉದುರಿಸಿಕೊಂಡು ನಗುತ್ತಿದ್ದ.

ಇಂಥವನನ್ನು ಪ್ರಸಿದ್ಧನನ್ನಾಗಿ ಮಾಡಿದವನು ನನ್ನ ಶಿಷ್ಯ ಮನೋಹರ. ಶಿಷ್ಯ ಎಂದು ಹೇಳಿಕೊಳ್ಳಲು ನನಗೂ ಅವನಿಗೂ ಸಮಾನವಾದ ಸಂಕೋಚವಿದೆ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕು, ಸಮುದ್ರ, ಪರ್ವತ, ಚಂದ್ರೋದಯ, ಜಲಕ್ರೀಡೆ ಎಂದು ಕಾಲೇಜಿನಲ್ಲಿ ವರ್ಷವರ್ಷವೂ ಗಂಟಲು ಒಣಗಿಸಿಕೊಂಡವನು ನಾನು. ಹಿಂದಿನ ಬೆಂಚಿನಲ್ಲಿ ಬೆರಳಿನಿಂದ ತಾಳ ಕುಟ್ಟುತ್ತಿದ್ದ ಮನೋಹರನಿಗೆ ಅವುಗಳಲ್ಲಿ ಒಂದೂ ನೆನಪಿಲ್ಲ. ಆದರೆ ತಾನು ಕಟ್ಟುವ ಕಾವ್ಯದ ಲಕ್ಷಣಗಳು ಮಾತ್ರ ಅವನಿಗೆ ಬಾಯಿಪಾಠ. 'ಹೇಮಾವತಿ ಹುಲಿ' ಎಂಬ ಹೆಸರಿಟ್ಟುಕೊಂಡು ಅವನು ರ‍್ಯಾಪ್ ಹಾಡುತ್ತಾನೆ, ಅದರ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಗಿರಣಿಯ ಕಟ್ಟೆಯ ಮೇಲೆ ಕೂತು ಒಂದು ದಿನ ನನಗೇ ಪಾಠ ಹೇಳಿದ.

"ಕ್ಯಾಮ್ರಾ ನೆಲದಿಂದ ಮ್ಯಾಲಕ್ಕೆ ನೋಡ್ಬೇಕು ಸಾ. ಸುತ್ತ ಒಗೆ ಏಳ್ತಿರ್ಬೇಕು. ಕಾರ್ ಬೇಕು, ನಮ್ದೇ ಆಗ್ಬೇಕು ಅಂತೇನಿಲ್ಲ. ಕುತ್ಗೇಲಿ ಚೈನು, ಅದೂ ಅಷ್ಟೇಯ. ಒಂದ್ ಮುರ್ಕಲು ಗೋಡೆ ಬೇಕು, ಕಷ್ಟದಿಂದ ಬಂದ್ವಿ ಅನ್ನೋಕೆ. ಎಲ್ಲಕ್ಕಿಂತ ಮುಕ್ಯ ಸಾ, ಇಂದೆ ಜನ ಬೇಕು. ಜನ ಇಲ್ದೆ ಎಷ್ಟು ಕಿರುಚಿದ್ರೂ ಉಚ್ಚು ಇಡ್ದೋನ್ ಒಬ್ನೇ ಬಡ್ಕಂಡಂಗೆ."

ಆ ಹಿಂದಿನ ಜನಕ್ಕೂ ನಿಯಮಗಳಿದ್ದವು. ನಗಬಾರದು. ತುಟಿ ಅಲ್ಲಾಡಿಸಬಾರದು. ಹಾಡುವವನ ಕಡೆ ನೋಡದೆ, ನೋಡುವವರನ್ನು ನೋಡಬೇಕು. ಕೈ ಕಟ್ಟಿರಬೇಕು. 'ಇವನೊಬ್ಬನೇ ಅಲ್ಲ, ಮುಟ್ಟಿ ನೋಡು' ಎಂಬ ಅರ್ಥ ಅವರ ನಿಲುವಿನಿಂದಲೇ ಹೊರಡಬೇಕು. ಮನೋಹರನ ಸಂಗಡಿಗರೋ ಒಬ್ಬೊಬ್ಬನೂ ಹುರುಳಿಕಾಯಿ; ಎಲ್ಲರೂ ಕೂಡಿ ಕೈಕಟ್ಟಿ ನಿಂತರೂ ಪರೀಕ್ಷೆಗೆ ತಡವಾಗಿ ಬಂದ ಹುಡುಗರ ಹಾಗೆ ಕಾಣುತ್ತಿದ್ದರು. ಹಾಗಾಗಿ ಅವನು ಕಾಂತರಾಜುವನ್ನು ಕೇಳಿದ. ಕಾಂತರಾಜು ಆಯ್ತು ಬುಡಿ ಅಂದ.

ಮೆಣಸಿನಕಾಯಿ ಪುಡಿ ಮಾಡಿದ ದಿನವೇ ಚಿತ್ರೀಕರಣ, ಕಣ್ಣಿನ ಕೆಂಪು ಆರಿಹೋಗಬಾರದಲ್ಲ. ಮೈ ತೊಳೆಸಿ, ಕರಿ ಅಂಗಿ ತೊಡಿಸಿ, ಚಿನ್ನದ ಬಣ್ಣದ ಪ್ಲಾಸ್ಟಿಕ್ ಸರ ಹಾಕಿ, ಒಂದು ಸಲ ಗೊರೂರಿನ ಅಣೆಕಟ್ಟಿನ ಗಾಳಿಯಲ್ಲಿ, ಒಂದು ಸಲ ಚನ್ನರಾಯಪಟ್ಟಣದ ತೆಂಗಿನಕಾಯಿ ರಾಶಿಗಳ ನಡುವೆ, ಇನ್ನೊಂದು ಸಲ ಅರಕಲಗೂಡಿನ ಗುಜರಿ ಅಂಗಡಿಯ ಮುಂದೆ ಅವನನ್ನು ನಿಲ್ಲಿಸಿದರು. ಕ್ಯಾಮರಾ ನಿಂತ ಕೂಡಲೇ ಆ ಭಯಂಕರ ಪುರುಷ ಹುಡುಗರಿಗೆಲ್ಲ ನೀರು ಹಂಚುತ್ತಿದ್ದ, ಕ್ಯಾಮರಾದ ಮೇಲೆ ಬಿಸಿಲು ಬೀಳದಂತೆ ಕೊಡೆ ಹಿಡಿಯುತ್ತಿದ್ದ. ಹಾಡಿನಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ಯಾರ್ಗೋ ಬೈತಾವೆ ಮೇಷ್ಟ್ರೇ, ಯಾರ್ಗೆ ಅಂತ ನಾನ್ ಕೇಳ್ಲಿಲ್ಲ," ಅಂದ.

ಹಾಡು ಏನಾದರೂ ಆಗಲಿ, ಜನರ ಕಣ್ಣು ನಿಂತದ್ದು ಹಿಂದೆ ನಿಂತವನ ಮೇಲೆ. ಬೀದಿಯ ಮಕ್ಕಳು ಕೈಕಟ್ಟಿ ಗದ್ದ ಎತ್ತಿ ಕಾಂತರಾಜು ಆಟ ಆಡತೊಡಗಿದವು. ಹಾಸನದ ಬಸ್ಸಿನಲ್ಲಿ ಗುರುತಿಲ್ಲದ ಹುಡುಗನೊಬ್ಬ ಎದ್ದು ಸೀಟು ಬಿಟ್ಟುಕೊಟ್ಟನಂತೆ. ಗಿರಣಿಯ ಮುಂದಿನ ಸಾಲು, ಯಾರೂ ಹೇಳದೆಯೇ ದಾರ ಹಿಡಿದಂತೆ ನೆಟ್ಟಗಾಯಿತು. ಹುಟ್ಟಿದಾಗಿನಿಂದ ಯಾರಿಂದಲೂ ಇಷ್ಟು ಮರ್ಯಾದೆ ಕಾಣದ ಜೀವ ಅದು, ಹಿಗ್ಗಿತು. ನಡಿಗೆ ಬದಲಾಯಿತು. ಮೊದಲು ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆ ಇಡುತ್ತಿದ್ದವನು ಈಗ ಹಿಮ್ಮಡಿ ಊರಿ ನಡೆದ. ಮಾಂಸದಂಗಡಿಯ ಬೀದಿಯಲ್ಲೇ ಮನೆಗೆ ಹೋಗುವುದನ್ನು ಕೂಡ ಒಂದೆರಡು ಸಲ ಕಂಡೆ. ಕಂಡವರೆಲ್ಲ ನಂಬಿದರು, ಕೊನೆಗೆ ತಾನೂ ನಂಬಿದ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಮಾಯಮ್ಮ ಅವನ ಗಿರಣಿಯಲ್ಲಿ ಇಡ್ಲಿಗೆ ಅಕ್ಕಿ ತರಿ ಮಾಡಿಸುವವಳು. ಗಂಡ ಹೋದ ಮೇಲೆ ಬಸ್ಸು ನಿಲ್ಲುವ ವೃತ್ತದ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು, ಬೆಳಗಿನ ಬಸ್ಸಿನವರಿಗೆ ಇಡ್ಲಿ ಚಟ್ನಿ ಕೊಟ್ಟು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಳು. ಆ ಮೂಲೆಯ ಹಿಂದಿನ ಜಾಗವನ್ನು ಮೋಹನ್‌ಕುಮಾರ್ ಎಂಬ ಬಟ್ಟೆ ವ್ಯಾಪಾರಿ ಕೊಂಡು, ಗಾಜಿನ ಬಾಗಿಲಿನ ಎರಡಂತಸ್ತಿನ ಅಂಗಡಿ ಎಬ್ಬಿಸಿದ. ಗಾಜಿನ ಮುಂದೆ ಇಡ್ಲಿ ಹಬೆ ಚೆನ್ನಾಗಿರುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಗಾಡಿ ತೆಗೆಯಲು ಹೇಳಿಕಳಿಸಿದ. ಅದು ರಸ್ತೆಯ ಜಾಗ, ಅವನದಲ್ಲ. ಆದರೆ ಹೇಳಲು ಬಂದವರು ಅವಳ ಪಾತ್ರೆಯನ್ನು ಕಾಲಿನಿಂದ ಸರಿಸಿ ಹೋಗಿದ್ದರು. ಆ ಮೂಲೆ ಹೋದರೆ ಬಸ್ಸಿನ ಗಿರಾಕಿ ಹೋಯಿತು, ಗಿರಾಕಿ ಹೋದರೆ ಮಕ್ಕಳ ಓದು ಹೋಯಿತು ಎಂಬುದು ಅವಳ ಲೆಕ್ಕ.

ನಾನು ರಾಗಿ ಚೀಲದ ಮೇಲೆ ಕೂತಿದ್ದಾಗಲೇ ಅವಳು ಬಂದು ಕಾಂತರಾಜುವನ್ನು ಕೇಳಿದಳು. "ಕಾಂತಣ್ಣ, ನೀವೇನೂ ಮಾತಾಡ್ಬೇಡಿ. ಮಾತೆಲ್ಲ ನಾನೇ ಆಡ್ಕತೀನಿ. ಆ ವಿಡಿಯೋದಲ್ಲಿ ನಿಂತ್ಕತೀರಲ್ಲ, ಅಂಗೇ ನನ್ನಿಂದೆ ವಸಿ ನಿಂತ್ಕಳಿ. ಅಷ್ಟೇಯ."

ಯಂತ್ರ ನಿಲ್ಲಿಸಿ ಕೇಳಿಸಿಕೊಂಡ ಅವನು, ಹಿಟ್ಟು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಆಯ್ತು ಬುಡಿ ಅಂದ. ಅವನ ಮುಖದಲ್ಲಿ ಆಗ ಸಂತೋಷವಿತ್ತೆಂದೇ ನನ್ನ ನೆನಪು. ಒಬ್ಬಳು ಹೆಣ್ಣುಮಗಳು ಊರಿನಲ್ಲಿ ಇಷ್ಟು ಜನ ಗಂಡಸರಿದ್ದೂ ತನ್ನನ್ನು ಹುಡುಕಿಕೊಂಡು ಬಂದಳಲ್ಲ ಎಂಬ ಸಂತೋಷ.

ಮರುದಿನ ಬೆಳಿಗ್ಗೆ ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಾನೂ ಇದ್ದೆ, ಇನ್ನೂ ಹತ್ತಾರು ಜನ ಇದ್ದರು. ಕಾಂತರಾಜು ಕರಿ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಮಾಯಮ್ಮ ಗಾಜಿನ ಬಾಗಿಲ ಮುಂದೆ ನಿಂತು ಮಾತು ಶುರು ಮಾಡಿದಳು. ಅವಳ ಬೆನ್ನ ಹಿಂದೆ ಅವನು ಕೈಕಟ್ಟಿ, ಗದ್ದ ಎತ್ತಿ ನಿಂತ. ನಿಜ ಹೇಳಬೇಕು, ಯಾವ ವಿಡಿಯೋದಲ್ಲೂ ಅವನು ಅಷ್ಟು ಚೆನ್ನಾಗಿ ನಿಂತಿರಲಿಲ್ಲ. ಮಾಯಮ್ಮನ ದನಿ ಒಂದೊಂದು ಮಾತಿಗೂ ಗಟ್ಟಿಯಾಗುತ್ತ ಹೋಯಿತು. ಪಾತ್ರೆ ಒದ್ದವರು ಯಾರು, ರಸ್ತೆ ಯಾರಪ್ಪನದು, ಎಲ್ಲವನ್ನೂ ಕೇಳಿದಳು. ಮೋಹನ್‌ಕುಮಾರನ ಕಣ್ಣು ಅವಳ ಭುಜದ ಮೇಲಿಂದ ಹಾಯ್ದು ಹಿಂದಕ್ಕೆ ಹೋಗಿ ಹೋಗಿ ಬರುತ್ತಿತ್ತು. "ಕೂತು ಮಾತಾಡೋಣ ಬಾಮ್ಮ," ಎನ್ನುವವರೆಗೂ ಇಳಿದ.

ಆಮೇಲೆ ಅವನಿಗೆ ಏನನ್ನಿಸಿತೋ, ಮಾಯಮ್ಮನನ್ನು ಬಿಟ್ಟು ನೇರವಾಗಿ ಕಾಂತರಾಜುವನ್ನು ಕೇಳಿದ. ಗದರಿಸಿ ಅಲ್ಲ, ಮೆತ್ತಗೆ. "ನಿಮ್ದೇನಣ್ಣ ಇದ್ರಲ್ಲಿ?"

ರ‍್ಯಾಪಿನ ವಿಡಿಯೋಗಳಲ್ಲಿ ಹಿಂದೆ ನಿಂತವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಮನೋಹರನ ಲಕ್ಷಣಗ್ರಂಥದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಕಾಂತರಾಜುವಿನ ಕಟ್ಟಿದ ಕೈಗಳು ಮೊದಲು ಸಡಿಲವಾದವು, ಕೆಳಗಿಳಿದವು, ಕೆಳಗೂ ನಿಲ್ಲಲಾರದೆ ಮತ್ತೆ ಮೇಲೆದ್ದು ಎದೆಯ ಮುಂದೆ ಒಂದಕ್ಕೊಂದು ಕೂಡಿಕೊಂಡವು. ಅವನು ಕೈ ಮುಗಿದಿದ್ದ.

"ನಂದೇನೂ ಇಲ್ಲ ಸಾ," ಅಂದ. ಗಿರಣಿಯ ಸದ್ದಿಗೆ ಪಳಗಿದ ದನಿ, ವೃತ್ತದ ಆಚೆಗೂ ಕೇಳಿಸಿತು. "ತರಿ ಕೊಡಾಕ್ ಬಂದಿದ್ದೆ. ನಾನ್ ಓಯ್ತೀನಿ."

ಮಾಯಮ್ಮ ಆಗ ತಿರುಗಿ ನೋಡಿದಳು. ತರಿಯ ಚೀಲವಿಲ್ಲದ ಅವನ ಬರಿಗೈಗಳನ್ನು ನೋಡಿದಳು. ಮೋಹನ್‌ಕುಮಾರ್ ನಕ್ಕ, ಅವನ ಅಂಗಡಿಯ ಹುಡುಗಿಯರು ನಕ್ಕರು, ಔಷಧಿ ಅಂಗಡಿಯ ಮೆಟ್ಟಿಲ ಮೇಲಿದ್ದ ನಾವು, ಅಷ್ಟು ಹೊತ್ತೂ ಅಲ್ಲಾಡದೆ ನಿಂತಿದ್ದವರು, ಈಗ ಏನೋ ಕೆಲಸ ನೆನಪಾದವರಂತೆ ಚದುರಿದೆವು. ಸಂಜೆಯೊಳಗೆ ಗಾಡಿ ಆ ಮೂಲೆಯಲ್ಲಿ ಇರಲಿಲ್ಲ.

ಮೂರು ದಿನ ಗಿರಣಿಯ ಬಾಗಿಲು ತೆರೆಯಲಿಲ್ಲ. ಮೀಸೆ ತೆಗೆಸಿಬಿಡುತ್ತೇನೆಂದು ಕ್ಷೌರದಂಗಡಿಗೆ ಹೋಗಿ ಕೂತಿದ್ದನಂತೆ. ಸ್ನೇಹಲತಾ ಹೋಗಿ ಎಬ್ಬಿಸಿಕೊಂಡು ಬಂದರಂತೆ. "ಮೀಸೆ ಏನ್ ಮಾಡ್ತು ಪಾಪ," ಎಂದರಂತೆ. ಅದನ್ನು ನನಗೆ ಹೇಳುವಾಗ ಆಕೆ ನಗಲಿಲ್ಲ, ಸೆರಗಿನ ತುದಿಯನ್ನು ಸುತ್ತುತ್ತ, "ರಾತ್ರಿಯೆಲ್ಲ ಎದ್ ಕೂತಿರ್ತಾರೆ ಮೇಷ್ಟ್ರೇ," ಅಂದರು.

ಅವನು ಮನೋಹರನನ್ನು ಕೇಳಿಕೊಂಡದ್ದು ಒಂದೇ, ಆ ವಿಡಿಯೋಗಳನ್ನು ತೆಗೆದುಬಿಡು ಎಂದು. ಮನೋಹರನಿಗೆ ಅರ್ಥವಾಗಲಿಲ್ಲ. "ಲಕ್ಷ ಜನ ನೋಡವ್ರೆ ಕಾಂತಣ್ಣ, ಎಂಗ್ ತೆಗೀಲಿ? ನಿಮ್ಮಿಂದ್ಲೇ ಅಲ್ವಾ ಓಡಿದ್ದು?" ಎಂದು ಅವನು ಪ್ರೀತಿಯಿಂದಲೇ ಹೇಳಿದ. ಹಾಗಾಗಿ ಅವು ಇನ್ನೂ ಇವೆ. ರಾಗಿ ಬೀಸಿಸಲು ಬಂದವರು ಕಾಯುತ್ತ ಮೊಬೈಲು ತಿರುವುತ್ತಿರುವಾಗ ತೆಂಗಿನಕಾಯಿ ರಾಶಿಯ ಮುಂದೆ ಕೆಂಗಣ್ಣು ಬಿಟ್ಟು ನಿಂತ ಕಾಂತರಾಜು ಥಟ್ಟನೆ ಎದ್ದು ಬರುತ್ತಾನೆ. ಯಂತ್ರದ ಬಳಿ ನಿಂತ ಕಾಂತರಾಜು ಕೆಲಸವಿಲ್ಲದಿದ್ದರೂ ಬೆಲ್ಟಿನ ಕಡೆ ತಿರುಗಿಕೊಳ್ಳುತ್ತಾನೆ. ತಾನು ಆಗಿರದ ಧೀರನನ್ನು ಊರೆಲ್ಲ ಬೆರಳಿನಿಂದ ತಿಕ್ಕಿ ತಿಕ್ಕಿ ನೋಡುತ್ತಿರುವಾಗ ಅದೇ ಊರಿನಲ್ಲಿ ದಿನವೂ ಬಾಗಿಲು ತೆರೆಯಬೇಕಾದ ಅವಮಾನ ಎಂಥದೆಂದು ಯೋಚಿಸಿದರೆ ನನಗೆ ಮೈ ಕುಗ್ಗುತ್ತದೆ.

ಮಾಯಮ್ಮನ ಗಾಡಿ ಈಗ ಆಸ್ಪತ್ರೆಯ ಹಿಂಬದಿಯ ಗೋಡೆಯ ಪಕ್ಕದಲ್ಲಿದೆ. ಅಲ್ಲಿಗೆ ಬಸ್ಸಿನವರು ಬರುವುದಿಲ್ಲ. ಹಿರಿಯ ಮಗಳು ಓದು ಬಿಟ್ಟು ಅದೇ ಬಟ್ಟೆಯಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತ, ಸುಮ್ಮನಿರಲಾರದೆ, ಕಾಂತರಾಜುವಿನ ಮೇಲೆ ನಿನಗೆ ಸಿಟ್ಟಿಲ್ಲವೇ ಎಂದು ಕೇಳಿಬಿಟ್ಟೆ.

"ತಪ್ಪು ನಂದೇಯ ಮೇಷ್ಟ್ರೇ," ಅಂದಳು, ಚಟ್ನಿ ಬಡಿಸುತ್ತಲೇ. "ನಾನ್ ತಿರುಗ್ ನೋಡ್ಬಾರ್ದಾಗಿತ್ತು. ಅವ್ರು ಕೈ ಮುಗ್ದಿದ್ನ ನಾನ್ ನೋಡ್ದೆ ಅಂತ ಅವ್ರಿಗೆ ಗೊತ್ತಾಗೋಯ್ತು. ಪಾಪ, ಈಗ ನನ್ ಮುಖ ನೋಡಾಕಾಗ್ದಂಗೆ ಆಗದೆ."

ಹಿಂದೆ ನಿಲ್ಲುವವರು ಎಲ್ಲ ಊರಿನಲ್ಲೂ ಇದ್ದಾರೆ. ಮದುವೆ ಮಾತುಕತೆಯಲ್ಲಿ, ಪಂಚಾಯ್ತಿಯಲ್ಲಿ, ಚುನಾವಣೆಯ ಮೆರವಣಿಗೆಯಲ್ಲಿ, ಮತ್ತೊಬ್ಬರ ಧೈರ್ಯಕ್ಕೆ ತಮ್ಮ ಮೈಯನ್ನು ಎರವಲು ಕೊಟ್ಟು ನಿಲ್ಲುತ್ತಾರೆ. ಅವರನ್ನು ಹೇಡಿಗಳೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕರೆದಾಗ ಬಂದವರು ಅವರು, ಕರೆಯದಿರಲೆಂದು ಮೆಟ್ಟಿಲ ಮೇಲೆ ನಿಂತವರು ನಾವು. ಮೈ ಕೇಳಿದರೆ ಕೊಡಬಲ್ಲರು, ಮಾತು ಕೇಳಿದರೆ ಅವರಲ್ಲಿಲ್ಲ. ಆ ನಿಜ ಬಯಲಾದ ಮೇಲೆ ಅವರಿಗೆ ಉಳಿಯುವ ಒಂದೇ ಆಸೆ, ಯಾರಿಗೆ ಕೈಕೊಟ್ಟೆವೋ ಆ ಜೀವ ನಾಲ್ಕು ಜನರ ಮುಂದೆ ಉಗಿದು ಬೈದುಬಿಡಲಿ, ಋಣ ಅಲ್ಲಿಗೆ ಹರಿಯಲಿ ಎಂಬುದು. ಮಾಯಮ್ಮ ವಾರಕ್ಕೊಮ್ಮೆ ತರಿ ಮಾಡಿಸಲು ಗಿರಣಿಗೆ ಬರುತ್ತಾಳೆ, ತಲೆ ತಗ್ಗಿಸಿ ನಿಂತವನನ್ನು "ಚೆನ್ನಾಗಿದ್ದೀರಾ ಕಾಂತಣ್ಣ?" ಎಂದು ವಿಚಾರಿಸಿಕೊಂಡು ಹೋಗುತ್ತಾಳೆ. ಇವತ್ತಿನವರೆಗೂ ಅವಳು ಬೈದಿಲ್ಲ.