ಕೆಂಪು ಸಾಲು

ಜರ್ಮನರಿಗೆ ನಗುವುದೇ ಗೊತ್ತಿಲ್ಲ ಎಂದು ಕ್ರೇಗ್ ಹೇಳಿದ್ದ. ಅಮೆರಿಕದವರಿಗೆ ನಗು ನಿಲ್ಲಿಸುವುದೇ ಗೊತ್ತಿಲ್ಲ ಎಂದು ಡೆಟ್ಲೆಫ್ ಫೋನಿನಲ್ಲಿ ಹೇಳಿದ್ದ. ಜಾಹ್ನವಿ ಅಮೆರಿಕದ ನಾರ್ತ್ ಕ್ರೀಕ್‌ನಲ್ಲಿದ್ದ ಇವರ ಕಂಪನಿಗೆ ಸೇರಿದ ಮೊದಲ ವಾರದಲ್ಲೇ ಇಬ್ಬರೂ ಗುಟ್ಟಿನಲ್ಲಿ, ಅವಳೊಬ್ಬಳಿಗೇ ಎಂಬಂತೆ, ಈ ಜ್ಞಾನ ದಾನ ಮಾಡಿದ್ದರು. ಮೈಸೂರಿನವಳು ಇಬ್ಬರಿಗೂ ತಲೆಯಾಡಿಸಿದ್ದಳು. ಅಲ್ಲೇ ನೋಡಿ ಎಡವಿದ್ದು.

ಕಂಪನಿ ಆಸ್ಪತ್ರೆಗಳಿಗೆ ಡ್ರಿಪ್ ಪಂಪು ಮಾಡುತ್ತಿತ್ತು. ಯಂತ್ರ ಇಲ್ಲಿ, ಕ್ರೇಗ್‌ನ ಕೈಕೆಳಗೆ. ಅದರ ಸಾಫ್ಟ್‌ವೇರ್ ಹ್ಯಾಂಬರ್ಗ್‌ನಲ್ಲಿ, ಡೆಟ್ಲೆಫ್‌ನ ಕೈಕೆಳಗೆ. ತಪ್ಪು ಹುಡುಕಿ ಪಟ್ಟಿ ಮಾಡುವುದು ಜಾಹ್ನವಿಯ ಕೆಲಸ. ಔಷಧಿಯ ಕೊಳವೆ ಮಡಚಿಕೊಂಡರೆ ಪಂಪು ತಕ್ಷಣ ಕೂಗಬೇಕು. ಇದು ನಾಲ್ಕು ನಿಮಿಷ ಸುಮ್ಮನಿದ್ದು ಆಮೇಲೆ ಕೂಗುತ್ತಿತ್ತು. 2016ರ ಮಾರ್ಚ್‌ನಲ್ಲೇ ಅವಳು ಅದನ್ನು ಪಟ್ಟಿಯಲ್ಲಿ ಕೆಂಪು ಸಾಲಾಗಿ ಬರೆದಳು. ಕೆಂಪು ಎಂದರೆ ಸರಿಪಡಿಸದೆ ಪಂಪನ್ನು ಹೊರಗೆ ಕಳಿಸಕೂಡದು.

ಕ್ರೇಗ್ ಅದನ್ನು ಹಳದಿ ಮಾಡಿದ. ಕೆಂಪು ಕಂಡರೆ ಹ್ಯಾಂಬರ್ಗ್‌ನವರ ಮನಸ್ಸು ನೋಯುತ್ತದಂತೆ! ಪಕ್ಕದಲ್ಲಿ 'ಅದ್ಭುತ ಕೆಲಸ! ಸಮಯ ಸಿಕ್ಕಾಗ ಇದನ್ನೊಮ್ಮೆ ನೋಡಬಹುದೇನೋ' ಎಂದು ಬರೆದು ನಗುಮುಖವನ್ನೂ ಅಂಟಿಸಿದ. ಡೆಟ್ಲೆಫ್ ಓದಿದ. ಕೆಲಸ ಅದ್ಭುತ, ಬಣ್ಣ ಹಳದಿ. ನಿಯಮದ ಪ್ರಕಾರ ಹಳದಿ ಎಂದರೆ ಬರೀ ಸಲಹೆ. ಮುಗಿದ ಲೆಕ್ಕವೆಂದು ಸಾಲನ್ನು ಮುಚ್ಚಿಬಿಟ್ಟ. ಜಾಹ್ನವಿ ಎರಡು ಸಲ ಕೇಳಿದಳು. "ಅವ್ರು ನೋಡ್ಕೊಳ್ತಿದಾರೆ" ಎಂದ ಕ್ರೇಗ್. "ಮುಗಿದಿದೆ" ಎಂದ ಡೆಟ್ಲೆಫ್. ಅವಳು ನಂಬಿದಳು.

ಜೂನ್‌ನಲ್ಲಿ, ಪಂಪನ್ನು ಪ್ರಯೋಗಕ್ಕೆ ಕೊಟ್ಟಿದ್ದ ಆಸ್ಪತ್ರೆಯಲ್ಲಿ, ಒಬ್ಬ ಅಜ್ಜಿಯ ಕೊಳವೆ ಮಡಚಿಕೊಂಡಿತು. ಪಂಪು ತುಟಿ ಪಿಟಕ್ಕೆನ್ನಲಿಲ್ಲ. ಅದೇ ಹೊತ್ತಿಗೆ ನರ್ಸ್ ಒಳಗೆ ಬಂದಳೆಂದು ಅಜ್ಜಿ ಉಳಿದುಕೊಂಡಳು.

ಡೆಟ್ಲೆಫ್ ವಿಮಾನ ಹತ್ತಿ ಬಂದ. ಇಬ್ಬರೂ ಸೇರಿ ವರದಿ ಬರೆದರು. ಕಾರಣ: ಸಾಂಸ್ಕೃತಿಕ ಭಿನ್ನತೆ, ಅದನ್ನು ಎರಡೂ ಕಡೆಗೆ ವಿವರಿಸುವಲ್ಲಿ ಜಾಹ್ನವಿಯ ಲೋಪ. ಪರಿಹಾರ: ಅರ್ಧ ದಿನದ ತರಬೇತಿ. ಪಂಪುಗಳು ಸೋಮವಾರ ಆಸ್ಪತ್ರೆಗಳಿಗೆ ಹೋಗಲಿ, ಅಲಾರಂ ಆಮೇಲೆ ನೋಡಿದರಾಯಿತು. ಕೆಳಗೆ ಜಾಹ್ನವಿಯ ಸಹಿಗೆ ಜಾಗ. ಆಹಾ, ಎಂಥ ಒಗ್ಗಟ್ಟು!

ಪಕ್ಕದ ಮೇಜಿನ ಬೆನೆಡಿಕ್ಟ್, ಮಂಗಳೂರಿನವನು, ಊಟದ ಹೊತ್ತಿಗೆ ಪಿಸುಗುಟ್ಟಿದ: "ಎಂತ ಮಾರಾಯ್ತಿ, ಒಂದು ಸೈನ್ ಅಲ್ವಾ, ಹಾಕಿ ಬಿಡು. ನಿನ್ನ ಗ್ರೀನ್ ಕಾರ್ಡ್ ಫೈಲ್ ಕ್ರೇಗ್ ಕೈಯಲ್ಲೇ ಉಂಟು."

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಅದೂ ಅಲ್ಲ ಬೆನೆಡಿಕ್ಟ್. ಇವರಿಬ್ರು ಜಗಳಾನೇ ಆಡಿಲ್ಲ. ಆಡಿದ್ರೆ ಪಂಪ್ ಎಂದೋ ಸರಿಹೋಗ್ತಿತ್ತು!"

ಮೀಟಿಂಗಿಗೆ ಅವಳು ಒಂದು ಪಂಪನ್ನೇ ಹೊತ್ತುಕೊಂಡು ಹೋದಳು.

"ನಿಜ ಹೇಳ್ಬೇಕಂದ್ರೆ ಇದ್ರಲ್ಲಿ ಯಾರದ್ದೂ ತಪ್ಪಿಲ್ಲ," ಕ್ರೇಗ್ ಹಲ್ಲು ಕಾಣುವಂತೆ ನಕ್ಕ. "ಜರ್ಮನರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು ಅಂತ ನಮಗೆ ಗೊತ್ತಿರ್ಲಿಲ್ಲ."

"ಅಮೆರಿಕನ್ನರು ಹೊಗಳಿದ್ರೆ ಅದ್ರಲ್ಲಿ ಅರ್ಧ ಕಳೀಬೇಕು ಅಂತ ನನಗೂ ಯಾರೂ ಹೇಳಿರ್ಲಿಲ್ಲ," ಎಂದ ಡೆಟ್ಲೆಫ್. ಇಬ್ಬರೂ ಅವಳತ್ತ ನೋಡಿದರು.

ಜಾಹ್ನವಿ ಪಂಪಿನ ಕೊಳವೆಯನ್ನು ಮಡಚಿ ಗಟ್ಟಿಯಾಗಿ ಹಿಡಿದಳು. "ಇದು ಕೂಗೋ ತನಕ ಯಾರೂ ಮಾತಾಡ್ಬೇಡಿ."

ಒಂದು ನಿಮಿಷಕ್ಕೆ ಕ್ರೇಗ್ ಏನೋ ತಮಾಷೆ ಮಾಡಲು ಬಾಯಿ ತೆರೆದ. "ಇನ್ನೂ ಮೂರು ನಿಮಿಷ ಇದೆ," ಎಂದಳು. ಎರಡನೇ ನಿಮಿಷಕ್ಕೆ ಡೆಟ್ಲೆಫ್ ಗಡಿಯಾರ ನೋಡುವುದನ್ನು ಬಿಟ್ಟ. ಜಾಹ್ನವಿಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಬೇಕು? ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ನರ್ಸ್ ಬರದಿದ್ದರೆ, ಹೆಸರು ಕೂಡ ಗೊತ್ತಿಲ್ಲದ ಆ ಅಜ್ಜಿ ಹಾಸಿಗೆಯಲ್ಲಿ ಇಷ್ಟು ಹೊತ್ತೂ ಒಬ್ಬಳೇ ಇರಬೇಕಾಗುತ್ತಿತ್ತಲ್ಲ! ಕ್ರೇಗ್‌ನ ಮುಖದಲ್ಲಿ ಈಗ ನಗುವಿರಲಿಲ್ಲ.

ಕೊನೆಗೂ ಪಂಪು ಕೂಗಿತು.

"ಈ ನಾಲ್ಕು ನಿಮಿಷ ಜರ್ಮನಿದಾ, ಅಮೆರಿಕದ್ದಾ?" ಜಾಹ್ನವಿ ಕೇಳಿದಳು. "ಬಣ್ಣ ಬದಲಾಯಿಸಿದ್ದು ಅಮೆರಿಕ ಅಲ್ಲ ಕ್ರೇಗ್, ನೀವು. ಸಾಲು ಮುಚ್ಚಿದ್ದು ಜರ್ಮನಿ ಅಲ್ಲ ಡೆಟ್ಲೆಫ್, ನೀವು. ಅಲಾರಂ ಸರಿಯಾಗೋ ತನಕ ಒಂದು ಪಂಪೂ ಹೊರಗೆ ಹೋಗಬಾರದು. ಈ ವರದಿಗೆ ನಾನು ಸೈನ್ ಹಾಕಲ್ಲ."

"ಜಾಹ್ನವಿ, ಇಂಡಿಯಾದವರು ಸಾಮಾನ್ಯವಾಗಿ ಎಷ್ಟು ತಾಳ್ಮೆ…" ಎಂದು ಕ್ರೇಗ್ ಶುರುಮಾಡಿದ.

"ಓಹೋ, ನಮ್ಮದೂ ಒಂದು ಪಟ್ಟಿ ಇಟ್ಕೊಂಡಿದೀರಾ?"

ಡೆಟ್ಲೆಫ್ ವರದಿಯನ್ನು ತನ್ನತ್ತ ಎಳೆದುಕೊಂಡ. 'ಕಾರಣ' ಎಂಬಲ್ಲಿದ್ದ ಜಾಹ್ನವಿಯ ಹೆಸರಿನ ಮೇಲೆ ಗೆರೆ ಎಳೆದು, ಅಲ್ಲಿ ತನ್ನ ಹೆಸರು ಬರೆದ. ಆಮೇಲೆ ಹಾಳೆಯನ್ನೂ ಪೆನ್ನನ್ನೂ ಕ್ರೇಗ್‌ನ ಮುಂದೆ ಸರಿಸಿದ.

ಕ್ರೇಗ್ ಪೆನ್ನು ಮುಟ್ಟಲಿಲ್ಲ. "ಇದನ್ನ ನಾಳೆ ನಿಧಾನವಾಗಿ ಮಾತಾಡೋಣ," ಎಂದು ಏಳಲು ಹೊರಟ.

ಜಾಹ್ನವಿ ಮತ್ತೆ ಕೊಳವೆ ಮಡಚಿದಳು. "ಕೂತ್ಕೊಳ್ಳಿ," ಎಂದಳು.