ಸೋರುವ ಬೂಟು

ನನ್ನ ಬೂಟು ಸೋರುತ್ತದೆ ಎಂದು ನಾನು ಮೂರು ವರ್ಷ ಸುಳ್ಳು ಹೇಳಿಕೊಂಡು ಬಂದೆ. ಮೊಣಕಾಲಿನವರೆಗೆ ಬರುವ ಹಳದಿ ರಬ್ಬರ್ ಬೂಟು. ಜರ್ಮನಿಯವರ ಹಡಗಿನಲ್ಲಿ ಕೆಲಸ ಮಾಡುವ ಅಣ್ಣ ಯಾವುದೋ ಬಂದರಿನಲ್ಲಿ ಕೊಂಡು ಕಳಿಸಿದ್ದು. ನಮ್ಮ ವಿದ್ಯಾರ್ಥಿ ಸಂಘದವರು ಶನಿವಾರ ಶನಿವಾರ ನಾವು ಓದಲು ಬಂದಿದ್ದ ಸುವಾ ನಗರದ ಕಡಲಂಚಿನ ಕೆಸರಿಗಿಳಿದು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಸಸಿ ನೆಡುತ್ತಿದ್ದರಲ್ಲ, ಅಷ್ಟೂ ಜನರಲ್ಲಿ ಬೂಟು ಇದ್ದದ್ದು ನನ್ನೊಬ್ಬಳಿಗೆ. ಯಾರಾದರೂ ಅದರ ಕಡೆ ಎರಡನೇ ಸಲ ನೋಡಿದರೆ ಸಾಕು, ನಾನೇ ಮೊದಲು ಬಾಯಿ ಹಾಕುತ್ತಿದ್ದೆ: "ಅಯ್ಯೋ, ನೋಡೋಕಷ್ಟೇ ಚೆಂದ. ಒಳಗೆಲ್ಲ ಸೋರುತ್ತೆ."

ಹಾಗೆ ಹೇಳದೆ ವಿಧಿಯಿರಲಿಲ್ಲ. ನಾವು ಕಿರಿಬಾಸ್ ದ್ವೀಪಗಳವರು. ನಮ್ಮಲ್ಲಿ ಬಂಧುಬಳಗದವರು 'ಬುಬುಸಿ' ಎಂದು ಬಾಯಿಬಿಟ್ಟು ಏನನ್ನಾದರೂ ಕೇಳಿದರೆ ಇಲ್ಲ ಅನ್ನುವಂತಿಲ್ಲ. ಕೊಟ್ಟರೆ ವಸ್ತು ಹೋಯಿತು, ಕೊಡದಿದ್ದರೆ ಮಾನ ಹೋಯಿತು. ಅಣ್ಣ ಕಳಿಸಿದ ರೇಡಿಯೋ ಚಿಕ್ಕಪ್ಪನ ಮನೆ ಸೇರಿದ್ದೂ, ಕೈಗಡಿಯಾರ ಅತ್ತೆಯ ಮಗನ ಮಣಿಕಟ್ಟು ಏರಿದ್ದೂ ಹೀಗೇ. ಕೊಟ್ಟವರು ಮುಂದೊಂದು ದಿನ ತಿರುಗಿ ಕೇಳಬಹುದು, ಆಗ ಇಸ್ಕೊಂಡವರೂ ತೆಪ್ಪಗೆ ಕೊಡಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಮಾತು ನಮ್ಮ ಕಡೆ ನಡೆಯುವುದಿಲ್ಲ. ನಮ್ಮಲ್ಲಿ ಕೊಟ್ಟವನೇ ಎದೆಯುಬ್ಬಿಸಿ ನಡೆಯುತ್ತಾನೆ. ಇಸ್ಕೊಂಡವನು ಅವನನ್ನು ಕಂಡಾಗಲೆಲ್ಲ, ಈಗ ಏನು ಕೇಳುತ್ತಾನೋ ಎಂದು ನೆಲ ನೋಡುತ್ತಾನೆ.

ನನ್ನ ಓದಿನ ಕೊನೆಯ ವರ್ಷದಲ್ಲಿ ರಕೇರಾ ಬಂದಳು. ತಮಾನಾ ಎಂಬ ಪುಟ್ಟ ದ್ವೀಪದ ಹುಡುಗಿ. ಒಂದು ಚಾಪೆ, ಒಂದು ಶೀಸೆ ಕೊಬ್ಬರಿ ಎಣ್ಣೆ, ಊರಿನವರು ಕಟ್ಟಿಕೊಟ್ಟ ಒಣಗಿದ ಕೇದಗೆ ಹಣ್ಣು, ಇಷ್ಟೇ ಅವಳ ಸಾಮಾನು. ಸಂಘದ ಮೊದಲ ಕೂಟದಲ್ಲಿ ಎಂದಿನಂತೆ ನೆಂಟಸ್ತನ ಕೆದಕಿದಾಗ ಅವಳ ಅಜ್ಜಿಯೂ ನನ್ನ ಅಜ್ಜಿಯೂ ಅಕ್ಕತಂಗಿಯರ ಮಕ್ಕಳೆಂದು ತಿಳಿಯಿತು. ಅಂದಿನಿಂದ ನನ್ನನ್ನು ಅಕ್ಕ ಎಂದಳು. ನನಗೂ ಹಿತವಾಯಿತು, ಸುಳ್ಳೇಕೆ ಹೇಳಲಿ. ಬಸ್ ನಿಲ್ದಾಣದ ಹತ್ತಿರ ಯಾವ ಅಂಗಡಿಯ ರೊಟ್ಟಿಯೊಳಗೆ ಪಲ್ಯ ಹೆಚ್ಚು ತುಂಬುತ್ತಾರೆ ಎಂದು ತೋರಿಸಿಕೊಟ್ಟವಳು ನಾನು. ಸಂಘದ ಪುಸ್ತಕದಲ್ಲಿ ಅವಳ ಹೆಸರನ್ನು ಕೈಯಾರೆ ಬರೆದವಳೂ ನಾನೇ.

ಸಸಿ ನೆಡುವ ಕೆಲಸವನ್ನು ಮೂರು ವರ್ಷ ನಾನು ನಡೆಸಿದ್ದೆ. ಶುಕ್ರವಾರ ಸಂಜೆ ಹಾಸ್ಟೆಲಿನ ಬಾಗಿಲು ಬಾಗಿಲು ಬಡಿದು, ಕಾಡಿ, ಬೇಡಿ, ಬೈದು ಕರೆದರೂ ಬೆಳಿಗ್ಗೆ ಬರುತ್ತಿದ್ದವರು ಆರು ಜನ. ರಕೇರಾ ಮೊದಲ ಶನಿವಾರ ಬರಿಗಾಲಲ್ಲಿ ಕೆಸರಿಗಿಳಿದಳು. ಅರ್ಧ ಗಂಟೆಯೊಳಗೆ ಚಿಪ್ಪು ತಾಗಿ ಅಂಗಾಲು ಸೀಳಿತು. ಬಟ್ಟೆಯ ಅಂಚು ಹರಿದು ಕಟ್ಟಿಕೊಂಡು, ನುಗ್ಗೆಕಾಯಿಯಂಥ ಉದ್ದನೆಯ ಮೊಳಕೆಗಳನ್ನು ಕಂಕುಳಲ್ಲಿಟ್ಟುಕೊಂಡು ಹಾಡುತ್ತ ನೆಟ್ಟಳು. ಮುಂದಿನ ವಾರ ಹನ್ನೊಂದು ಜನ ಬಂದರು. ತಿಂಗಳು ಕಳೆಯುವುದರಲ್ಲಿ ಇಪ್ಪತ್ತೆರಡು. ನನ್ನ ಬೈಗುಳಕ್ಕೆ ಏಳದ ಸೋಮಾರಿಗಳು ಅವಳ ಹಾಡಿಗೆ ಎದ್ದು ಬಂದಿದ್ದರು.

ಸಂಘದ ಅಧ್ಯಕ್ಷ ಬ್ವೆರೆ ಒಂದು ದಿನ ಊಟದ ಸಾಲಿನಲ್ಲಿ ನನ್ನ ಪಕ್ಕ ನಿಂತ. "ಮೊಯಿಯಾ, ಶನಿವಾರದ್ದು ಇನ್ಮೇಲೆ ರಕೇರಾನೇ ನೋಡ್ಕೊಳ್ಳಲಿ. ನಿಂಗೂ ಕೊನೇ ವರ್ಷ, ಓದೋದಿರುತ್ತೆ."

"ನಂಗೆ ಓದೋದಿದೆ ಅಂತ ನಿಂಗೆ ಯಾರು ಹೇಳಿದ್ರು?"

"ಓದಬೇಕು ಅಂದೆ ಅಷ್ಟೇ ಮಾರಾಯ್ತಿ. ಮುಖ ಯಾಕೆ ಹಂಗ್ ಮಾಡ್ತೀಯ?"

ಮುಖ ಹೇಗೆ ಮಾಡಬೇಕಿತ್ತು? ಹೊಟ್ಟೆಯೊಳಗೆ ಒಲೆ ಹಚ್ಚಿದಂತಾಗಿತ್ತು. ಅವಳ ಕಾಲಿನ ಗಾಯ ನೋಡಿದರೂ ಉರಿ, ಆ ಗಾಯದ ಬಗ್ಗೆ ಅವಳು ಒಂದು ಮಾತೂ ಆಡದಿದ್ದರೆ ಇನ್ನೂ ಉರಿ. ನನ್ನ ಕೈಗೆ ಮುಳ್ಳು ಚುಚ್ಚಿದರೆ ಇಡೀ ಹಾಸ್ಟೆಲಿಗೆ ತಿಳಿಯುತ್ತಿತ್ತು.

ಅದನ್ನಾದರೂ ನುಂಗಿಕೊಂಡೆ. ಏಕೆಂದರೆ ನನಗೆ ಬೇಕಾಗಿದ್ದುದು ಬೇರೆ. ಪ್ರತಿ ಜುಲೈನಲ್ಲಿ ಎಲ್ಲ ದ್ವೀಪಗಳ ಸಂಘಗಳೂ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ತಮ್ಮ ತಮ್ಮ ಕುಣಿತ ತೋರಿಸುತ್ತವೆ. ನಮ್ಮ ಹುಡುಗಿಯರ ಕುಣಿತದಲ್ಲಿ ಮುಂದಿನ ಸಾಲಿನ ನಡುವಿನ ಜಾಗವೇ ಜಾಗ, ಉಳಿದದ್ದೆಲ್ಲ ಅದರ ಸುತ್ತಲಿನ ಬೇಲಿ. ಮೂರು ವರ್ಷ ಎರಡನೇ ಸಾಲಿನಲ್ಲಿ ಕುಣಿದಿದ್ದೆ. ಆ ಜಾಗದಲ್ಲಿದ್ದ ಹುಡುಗಿ ಓದು ಮುಗಿಸಿ ಹೋಗಿದ್ದಳು. ಈ ಸಲ ನಿನ್ನದೇ ಎಂದು ಎಲ್ಲರೂ ಹೇಳಿದ್ದರು. ನಮ್ಮೂರು ತರಾವಾದಲ್ಲಿ ಅಮ್ಮ ನೆರೆಹೊರೆಗೆಲ್ಲ ಸಾರಿಯೂ ಆಗಿತ್ತು.

ಕುಣಿತ ಕಲಿಸುವವರು ನೇಯ್ ಬೆರೆತಾ. ಸುವಾದಲ್ಲೇ ನೆಲೆಸಿದ ಮುದುಕಿ, ಬಾಯಿ ಖಾರ, ಕೈಯಲ್ಲಿ ಸದಾ ಒಂದು ಬೀಸಣಿಗೆ. ಮೊದಲ ದಿನದ ಅಭ್ಯಾಸದಲ್ಲಿ ಎಲ್ಲರನ್ನೂ ಒಂದು ಸುತ್ತು ಕುಣಿಸಿ, ಬೀಸಣಿಗೆ ಎತ್ತಿ ರಕೇರಾಳತ್ತ ತೋರಿಸಿದರು.

"ನೀನು. ನಡುವಿಗೆ ಬಾ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ನಿನ್ನೆ ಮೊನ್ನೆ ಬಂದವಳ ಬಾಯಿಗೆ ಬಿತ್ತು.

ಮರುದಿನ ಮಧ್ಯಾಹ್ನ ಹಾಸ್ಟೆಲಿನ ಹಿಂದೆ ರಕೇರಾ ಬಟ್ಟೆ ಹಿಂಡುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವುದಿಲ್ಲ.

"ತಂಗಿ, ನಿನ್ ಹತ್ರ ಬುಬುಸಿ ಮಾಡ್ತಿದ್ದೀನಿ," ಎಂದೆ.

ಅವಳು ತಿರುಗಿ ನಕ್ಕಳು. "ಏನ್ ಬೇಕಕ್ಕ? ಎಣ್ಣೇನಾ?"

"ನಡುವಿನ ಜಾಗ ಕೊಡು."

ಹಿಂಡುತ್ತಿದ್ದ ಲಂಗ ಅವಳ ಕೈಯಲ್ಲೇ ನಿಂತಿತು. ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು. ನನ್ನ ಮುಖ ನೋಡಿದಳು, ತಮಾಷೆಯೇನೋ ಎಂದು ಕಾದಳು. ನಾನು ನಗಲಿಲ್ಲ.

"ಆಯ್ತಕ್ಕ. ತಗೋ," ಎಂದಳು. ಲಂಗ ಕೊಡವಿ ಹಗ್ಗಕ್ಕೆ ಹಾಕಿ ಒಳಗೆ ಹೋದಳು.

ಕಾಲು ನೋಯುತ್ತದೆ, ಹಿಂದಿನ ಸಾಲಿಗೆ ಹೋಗುತ್ತೇನೆ ಎಂದು ಅವಳೇ ನೇಯ್ ಬೆರೆತಾಗೆ ಹೇಳಿದಳು. ಮುದುಕಿ ಅವಳ ಕಾಲು ನೋಡಲಿಲ್ಲ, ನನ್ನನ್ನು ನೋಡಿದರು.

"ಕೇಳಿ ಇಸ್ಕೊಂಡ್ಯೇನೇ?"

ನಾನು ಬಗ್ಗಿ ಲಂಗದ ಅಂಚು ಸರಿಮಾಡಿಕೊಂಡೆ.

"ಇಸ್ಕೋ, ಇಸ್ಕೋ. ಹೋಗಿ ನಿಂತ್ಕೋ. ಕಂಬಕ್ಕೂ ಒಂದು ಜಾಗ ಬೇಕಲ್ಲ," ಎಂದು ಬೀಸಣಿಗೆಯಿಂದ ನನ್ನ ಬೆನ್ನಿಗೆ ಒಂದು ತಟ್ಟಿದರು.

ಅಲ್ಲಿಂದ ಶುರುವಾಯಿತು ನನ್ನ ಪೀಕಲಾಟ. ಇನ್ನು ಅವಳು ಏನು ಬೇಕಾದರೂ ಕೇಳಬಹುದು. ಜಾಗವನ್ನೇ ತಿರುಗಿ ಕೇಳಿದರೆ? ಕುಣಿತದ ಹಿಂದಿನ ದಿನ ಕೇಳಿದರೆ? ಅವಳು "ಅಕ್ಕಾ" ಎಂದು ಕರೆದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ.

"ಅಕ್ಕಾ..."

"ಏನು? ಏನು?"

"ಉಪ್ಪಿದ್ಯಾ?"

ಉಪ್ಪಿನ ಡಬ್ಬಿಯನ್ನೇ ಅವಳ ಕೈಗೆ ತುರುಕುತ್ತಿದ್ದೆ. ಅವಳು ಎರಡು ಚಿಟಿಕೆ ತೆಗೆದುಕೊಂಡು ಡಬ್ಬಿಯನ್ನು ವಾಪಸು ತಂದಿಡುತ್ತಿದ್ದಳು. ಅದೂ ನನಗೆ ಸೇರುತ್ತಿರಲಿಲ್ಲ.

ಕುಣಿತದ ದಿನ ಸಂಜೆ ಸಭಾಂಗಣ ತುಂಬಿತ್ತು. ಕಪ್ಪು ನಾರಿನ ಭಾರದ ಲಂಗವನ್ನು ನೇಯ್ ಬೆರೆತಾ ಉಸಿರು ಕಟ್ಟುವಂತೆ ನನ್ನ ಸೊಂಟಕ್ಕೆ ಬಿಗಿದರು. ನಾನು ನಡುವೆ ನಿಂತೆ. ಹಿಂದೆ ಹುಡುಗರು ಮರದ ಪೆಟ್ಟಿಗೆ ಬಡಿದು ಹಾಡು ಎತ್ತಿದರು. ನಮ್ಮ ಕುಣಿತದಲ್ಲಿ ನಗುವಂತಿಲ್ಲ, ಹಲ್ಲು ಕಿರಿದರೆ ಕುಣಿತ ಕೆಟ್ಟಿತು. ಕೈಗಳನ್ನು ಕಡಲಹಕ್ಕಿಯ ರೆಕ್ಕೆಯಂತೆ ಚಾಚಿ, ತಲೆಯನ್ನು ಸರಕ್ಕನೆ ಹೊರಳಿಸಬೇಕು. ನಾನು ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಹಾಡು ಏರಿದಾಗ ನನ್ನ ಹಿಂದೆ ಎಲ್ಲೋ ಒಂದು ಕೂಗು ಕೇಳಿಸಿತು. ಗಂಟಲಿನಿಂದ ಬಂದ ಕೂಗಲ್ಲ ಅದು. ನಮ್ಮವರಿಗೆ ಅದು ತಕ್ಷಣ ತಿಳಿಯುತ್ತದೆ. ಕುಣಿಯುವವಳ ಮೈಯೊಳಗೆ ಹಾಡು ಹೊಕ್ಕಿತು ಎಂದರ್ಥ. ತಿರುಗಿ ನೋಡುವಂತಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಸಭೆಯಿಂದ ಹೆಂಗಸರು ಅತ್ತರಿನ ಶೀಸೆ, ಪೌಡರಿನ ಡಬ್ಬ ಹಿಡಿದು ಎದ್ದರು. ಅತ್ತರು ಸಿಂಪಡಿಸುವುದು, ಕುತ್ತಿಗೆಗೆ ಪೌಡರು ಬಳಿಯುವುದು ನಮ್ಮಲ್ಲಿ ಒಳ್ಳೆಯ ಕುಣಿತಕ್ಕೆ ಸಲ್ಲಿಸುವ ಮರ್ಯಾದೆ. ಒಬ್ಬೊಬ್ಬರಾಗಿ ನನ್ನತ್ತ ಬಂದರು. ಒಬ್ಬೊಬ್ಬರಾಗಿ ನನ್ನನ್ನು ಬಳಸಿ ಹಿಂದಕ್ಕೆ ಹೋದರು.

ಹಿಂದಿನಿಂದ ಸುವಾಸನೆ ಅಲೆಯಲೆಯಾಗಿ ಬಂತು. ರಕೇರಾ ಅಳುತ್ತ ಕುಣಿಯುತ್ತಿದ್ದಳು. ನನಗೂ ಕಣ್ಣೀರು ಬಂತು. ಅದು ಹಾಡಿನಿಂದ ಬಂದದ್ದಲ್ಲ, ಬರೀ ಹೊಟ್ಟೆಕಿಚ್ಚು. ವಾಪಸು ಬರುತ್ತಿದ್ದ ಒಬ್ಬ ಅಜ್ಜಿ ನನ್ನ ಕೆನ್ನೆ ನೋಡಿ ಪಾಪ ಮೋಸಹೋದಳು. ನಿಂತು, ನನ್ನ ಹೆಗಲ ಮೇಲೆ ಶೀಸೆ ಒತ್ತಿದಳು. ಶೀಸೆ ಎರಡು ಸಲ ಫುಸ್ ಫುಸ್ ಎಂದಿತು, ಏನೂ ಬೀಳಲಿಲ್ಲ. ಎಲ್ಲ ಅಲ್ಲೇ ಖಾಲಿಯಾಗಿತ್ತು.

ಆ ಕುಣಿತದ ವಿಡಿಯೋ ನೋಡಿ ಅಮ್ಮ ಫೋನ್ ಮಾಡಿದಳು. "ಚೆನ್ನಾಗಿತ್ತು ಮಗಾ. ಒಂದು ತಪ್ಪೂ ಇಲ್ಲ." ಆಮೇಲೆ ಸ್ವಲ್ಪ ತಡೆದು, "ಕೊನೇ ಸಾಲಲ್ಲಿ ಅತ್ಲಲ್ಲ, ಆ ಹುಡುಗಿ ಯಾರ ಮಗಳೇ?" ಎಂದಳು.

ಶನಿವಾರ ಬಂತು. ನಾನು ಯಾವತ್ತಿನಂತೆ ಹಳದಿ ಬೂಟು ಏರಿಸಿ ಕೆಸರಿಗಿಳಿದೆ. ನೀರು ಇಳಿದು ದಡ ಕಪ್ಪಗೆ ಮಿರುಗುತ್ತಿತ್ತು. ರಕೇರಾ ನನ್ನ ಪಕ್ಕದ ಸಾಲಿನಲ್ಲಿ ಬಗ್ಗಿ ನೆಡುತ್ತಿದ್ದಳು. ಮೂರು ದಿನ ತಲೆ ತೊಳೆದರೂ ಅವಳ ಕೂದಲಲ್ಲಿ ಆ ಅತ್ತರಿನ ವಾಸನೆ ಉಳಿದಿತ್ತು, ಅಥವಾ ನನ್ನ ಮೂಗಿನಲ್ಲಿ ಉಳಿದಿತ್ತು. ಇನ್ನು ತಡೆಯಲಾಗಲಿಲ್ಲ.

"ಏನಾದ್ರೂ ಕೇಳೇ ನನ್ನ!" ಎಂದೆ.

"ಏನಕ್ಕ?"

"ನಾನು ನಿನ್ ಜಾಗ ಇಸ್ಕೊಂಡೆ. ಈಗ ನೀನು ಕೇಳು. ಏನ್ ಬೇಕಾದ್ರೂ ಕೇಳು. ಹಿಂಗೆ ಸುಮ್ನೆ ಇದ್ದು ನನ್ನ ಸಾಯಿಸ್ಬೇಡ."

"ನಂಗೇನ್ ಬೇಕಕ್ಕ..."

"ಬೇಕು! ಎಲ್ರಿಗೂ ಏನಾದ್ರೂ ಬೇಕೇ ಬೇಕು. ದೊಡ್ಡ ಸಾಧ್ವಿ ಥರ ಆಡ್ಬೇಡ. ಕೇಳು."

ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ಬಹಳ ಹೊತ್ತು ಯೋಚಿಸಿದಳು. ನನ್ನ ಆಸ್ತಿಯೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು: ಅಣ್ಣ ಕೊಟ್ಟ ಜಾಕೀಟು, ಹಳೆಯ ಕಂಪ್ಯೂಟರು, ಕಿಟಕಿ ಪಕ್ಕದ ಮಂಚ. ಅವಳ ಕಣ್ಣು ಮೆಲ್ಲಗೆ ಕೆಳಗಿಳಿಯಿತು.

"ಹಂಗಾದ್ರೆ ಬುಬುಸಿ ಅಕ್ಕ. ಆ ಬೂಟು ಕೊಡ್ತೀಯಾ? ಸೋರಿದ್ರೂ ಪರ್ವಾಗಿಲ್ಲ."

ಆಗ ನಾನು ಅವಳ ಪಾದಗಳನ್ನು ನೋಡಿದೆ. ಹಳೆಯ ಸೀಳಿನ ಮೇಲೆ ಹೊಸ ಸೀಳು, ಹೆಬ್ಬೆರಳಿಗೆ ಕಟ್ಟಿದ ಬಟ್ಟೆ ಕೆಸರಿನಲ್ಲಿ ಕಪ್ಪಾಗಿತ್ತು. ಐದು ತಿಂಗಳು ಅವಳು ಹೀಗೆ ನಡೆದಿದ್ದಳು. ಮೊದಲ ದಿನವೇ ಕೇಳಿದ್ದರೆ ನಾನು ಕೊಡಲೇಬೇಕಿತ್ತು. ಅವಳು ಕೇಳಿರಲಿಲ್ಲ. ಬೂಟು ಹಾಕಿಕೊಂಡವಳು ನಾನು ಕೇಳಿದ್ದೆ.

ಕೆಸರಿನಲ್ಲೇ ಒಂಟಿಕಾಲಲ್ಲಿ ನಿಂತು ಬೂಟು ಕಳಚಿ ಕೊಟ್ಟೆ. ಅವಳು ಹಾಕಿಕೊಂಡಳು. ಹಾಳಾದದ್ದು, ನನ್ನ ಕಾಲಿಗಿಂತ ಅವಳ ಕಾಲಿಗೇ ಚೆನ್ನಾಗಿ ಹೊಂದಿತು. ಅವಳು ನೀರಿನತ್ತ ನಡೆದಳು, ಮೀನಖಂಡ ಮುಳುಗುವಷ್ಟು ಆಳಕ್ಕೆ ಹೋದಳು, ಅಲ್ಲಿ ನಿಂತಳು. ನಿಂತೇ ಇದ್ದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ, ನಾನಾಗಲೇ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಅವಳು ಮೆಲ್ಲಗೆ ತಿರುಗಿ ಬಂದು ನನ್ನ ಹತ್ತಿರ ನಿಂತಳು. ಬೇರೆಯವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಅಕ್ಕ, ಇದು ಸೋರಲ್ವಲ್ಲ," ಎಂದಳು.



ದಡದಿಂದ ಬ್ವೆರೆ ಕೂಗಿದ: "ಏಯ್ ರಕೇರಾ! ಬಂತೇನೇ ಬೂಟು? ಹೆಂಗಿದೆ?"

ಇಪ್ಪತ್ತು ಜನ ತಲೆಯೆತ್ತಿ ನೋಡಿದರು. ರಕೇರಾ ಒಂದು ಕಾಲೆತ್ತಿ ಒದರಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಯ್ಯೋ, ನೋಡೋಕಷ್ಟೇ ಚೆಂದ. ಒಳಗೆಲ್ಲ ಸೋರುತ್ತೆ!"

ನನ್ನ ಮಾನ ಉಳಿಸಲು ಹಾಗೆ ಹೇಳಿದಳೋ, ಇನ್ನೊಬ್ಬರು ಕೇಳದಂತೆ ಬೂಟು ಉಳಿಸಿಕೊಳ್ಳಲು ಹೇಳಿದಳೋ, ಇವತ್ತಿಗೂ ನನಗೆ ತಿಳಿಯದು. ಎರಡನೆಯದೇ ಆಗಿರಲಪ್ಪ ದೇವರೇ ಎಂದು ಅಲ್ಲೇ ಬೇಡಿಕೊಂಡೆ. ಅಷ್ಟರಮಟ್ಟಿಗಾದರೂ ಅವಳು ನನ್ನ ಹಾಗಿರಲಿ. ಆಮೇಲೆ ಬಗ್ಗಿ ಮೊಳಕೆಗಳ ಕಟ್ಟು ಎತ್ತಿಕೊಂಡೆ. ನಾಲ್ಕನೇ ಹೆಜ್ಜೆಗೇ ನನ್ನ ಅಂಗಾಲಿಗೆ ಚಿಪ್ಪು ತಾಗಿತು.