ಮಾತಾಡದ ನೀರು

ಗ್ರೀಕ್ ಬಂದರುಪಟ್ಟಣ ಪಿರೇಯಸ್ಸಿನ ಕಾಸ್ತೆಲ್ಲಾ ಗುಡ್ಡದ ಮೇಲೆ ಜೂನ್ ತಿಂಗಳ ಸಂಧ್ಯಾಕಿರಣಗಳು ಇಳಿಯುವ ಪರಿಯನ್ನು ಹೇಗೆ ಬಣ್ಣಿಸಲಿ, ಸಹೃದಯನೇ! ಪಡುವಣಕ್ಕೆ ಹಡಗುಗಳ ಮಹಾಬಂದರು, ಮೂಡಣಕ್ಕೆ ದೋಣಿಗಳ ಪುಟ್ಟ ಬಂದರು. ನಡುವೆ ಕಡಲಂಚಿನಿಂದೆದ್ದು, ಮೆಟ್ಟಿಲ ಮೇಲೆ ಮೆಟ್ಟಿಲಾಗಿ, ಒಬ್ಬರ ಸೂರಿನ ಮಟ್ಟಕ್ಕೆ ಇನ್ನೊಬ್ಬರ ಅಂಗಳವಾಗಿ, ನೆತ್ತಿಯ ಪ್ರವಾದಿ ಎಲಿಯಾಸನ ಗುಡಿಯವರೆಗೆ ಏರುವ ಈ ಕೇರಿ... ಒಂದು ಕಾಲಕ್ಕೆ ದುರ್ಗಮವಾದ ಕೋಟೆ, ಆಮೇಲೆ ಆಡು ಮೇಯುವ ಬರಡುಗುಡ್ಡ, ಆಮೇಲೆ ದ್ವೀಪಗಳಿಂದ ಹಾಯಿ ಬಿಚ್ಚಿ ಬಂದವರ ನೆಲೆ, ಹತ್ತು ವರ್ಷದ ಕೆಳಗೆ ಬೆಂಕಿಗೆ ಬಿದ್ದ ಕಡಲಾಚೆಯ ಸ್ಮಿರ್ನಾ ಪಟ್ಟಣದಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಆಶ್ರಯ. ಇಲ್ಲಿ ಒಬ್ಬಳು ಕಿಟಕಿಯಲ್ಲಿ ಸೀನಿದರೆ ಕೆಳಗಿನ ನಾಲ್ಕು ಮನೆಯವರು ಹರಸುತ್ತಾರೆ. ಇದಕ್ಕಿಂತ ಚೆಲುವಾದ ಕೇರಿ ಇನ್ನೊಂದಿದೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಅಂದು ಸಂತ ಯೋಹಾನನ ಹಬ್ಬದ ಮುನ್ನಾದಿನ. ಕೇರಿಯ ಕನ್ಯೆಯರಲ್ಲಿ ಒಬ್ಬಳು ದಡದ ಬಾವಿಯಿಂದ ಕೊಡ ತುಂಬಿ ಮೇಲಿನ ಅಂಗಳಕ್ಕೆ ತರಬೇಕು. ದಾರಿಯುದ್ದಕ್ಕೂ ತುಟಿ ಬಿಚ್ಚಬಾರದು. ಆ ಮಾತಾಡದ ನೀರಿನಲ್ಲಿ ಹುಡುಗಿಯರು ತಮ್ಮ ಉಂಗುರ, ಗುಂಡಿಗಳನ್ನು ಹಾಕಿ, ಮರುದಿನ ಒಂದೊಂದಾಗಿ ತೆಗೆದು ತಮ್ಮ ವಿವಾಹಭಾಗ್ಯ ತಿಳಿಯುತ್ತಾರೆ. ಒಂದಕ್ಷರ ಆಡಿದರೂ ನೀರು ಕೆಟ್ಟಿತು, ಹನ್ನೊಂದು ಹುಡುಗಿಯರ ವರ್ಷವೂ ಕೆಟ್ಟಿತು! ಹೊತ್ತವಳನ್ನು ಹೇಗಾದರೂ ಮಾತಾಡಿಸುವುದು ಕೇರಿಯ ಉಳಿದವರ ಹಕ್ಕು.

ಆ ವರ್ಷ ಕೊಡ ಬಂದದ್ದು ಹಾಯಿ ಹೊಲಿಯುವ ಮನೆಯ ಮರೂಸೋಳ ಹೆಗಲಿಗೆ.

“ಏ ಮರೂಸೋ, ಲಂಗ ಹಿಂದ್ಗಡೆ ಹರಿದೋಗಿದೆ ಕಣೇ!” ಎಂದ ದಡದಲ್ಲಿ ಮೀನು ಮಾರುವ ಪಾಂದೆಲಿಸ್. ಅವಳು ತಿರುಗಲಿಲ್ಲ.

“ನಿಮ್ಮಮ್ಮ ಸಾರು ಸೀದೋಯ್ತು ಅಂತ ಬಡ್ಕೋತಿದ್ದಾಳೆ, ಓಡೇ!” ಎಂದಳು ಮೇಲಿನ ಮಹಡಿಯ ಅರ್ಗೀರೋ ಅತ್ತೆ. “ಈ ವಾಚಾಳಿ ಬಾಯಿಗೂ ಬೀಗ ಬಿತ್ತಲ್ಲಪ್ಪಾ! ನಾಳೆ ಮಳೆ ಗ್ಯಾರಂಟಿ!”

ಉಕ್ಕಿಬಂದ ನಗೆಯನ್ನು ಮರೂಸೋ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಆಗಲೇ, ತಿರುವಿನಲ್ಲಿ, ಏದುಸಿರು ಬಿಡುತ್ತ ಸ್ಟೆರ್ಯೋಸ್ ಎದುರಾದ... ಎಂಟು ತಿಂಗಳ ಹಿಂದೆ ದೂರದ ಗುಡ್ಡಗಾಡಿನಿಂದ ಬಂದ ದೋಣಿ ಬಡಗಿ. ಅವನು ಹೆರೆದ ಕಂಬಕ್ಕೆ ಅವಳು ಹೊಲಿದ ಹಾಯಿ ಏರಿದ ದಿನದಿಂದ ಅವಳ ನಿದ್ರೆಯನ್ನು ಕದ್ದವನು!

“ಗಾಳಿ ತಿರುಗಿತು, ಮರೂಸೋ. ನಮ್ಮ ದೋಣಿ ಈಗಲೇ ಹೊರಡುತ್ತಂತೆ. ಅಲೆಕ್ಸಾಂಡ್ರಿಯಾದಲ್ಲಿ ನನಗೊಂದು ಕೆಲಸ ಇದೆ. ನೀವು ಒಪ್ಪಿದರೆ ಅಕ್ಟೋಬರಿನಲ್ಲಿ ಸಂತ ದಿಮಿತ್ರಿಯ ಹಬ್ಬಕ್ಕೆ ವಾಪಸ್ ಬಂದು ಇಲ್ಲೇ ಮನೆ ಮಾಡ್ತೀನಿ. ಇಲ್ಲಾಂದ್ರೆ ಅಲ್ಲೇ ಉಳಿದುಬಿಡ್ತೀನಿ. ಒಂದು ಮಾತು ಹೇಳಿ, ಸಾಕು.”

ಅಯ್ಯೋ, ಆ ಒಂದು ಮಾತು! ಕಂಠದವರೆಗೆ ಬಂದು ನಿಂತ ಆ ಮಾತು! ಹೆಗಲ ಕೊಡ ಅಂಚಿನವರೆಗೂ ತುಂಬಿ ತಲೆಗೆ ಒತ್ತಿ ನಿಂತಿತ್ತು, ತಲೆಯಾಡಿಸಿದರೆ ತುಳುಕುತ್ತಿತ್ತು. ಅರ್ಗೀರೋ ಅತ್ತೆಯ, ಮೂವತ್ತು ದಾಟಿಯೂ ಮದುವೆಯ ಆಸೆ ಬಿಡದ ಮಗಳ ಉಂಗುರವೂ ಈ ನೀರಿಗೇ ಕಾದಿತ್ತು. ಗುಡ್ಡಗಾಡಿನವನಿಗೆ ಈ ಪದ್ಧತಿ ತಿಳಿಯದು. ಅವನ ಸೀಮೆಯಲ್ಲಿ ಹೆಣ್ಣಿನ ಮೌನವೆಂದರೆ ನಿರಾಕರಣೆ. ಅವಳ ಕಣ್ಣಿನಲ್ಲಿ ತುಂಬಿದ್ದನ್ನು ಅವನು ಕನಿಕರವೆಂದು ತಿಳಿದ.

“ತಪ್ಪಾಯ್ತು, ಕ್ಷಮಿಸಿ,” ಎಂದು ಟೋಪಿ ತೆಗೆದು ವಂದಿಸಿ, ಮೆಟ್ಟಿಲಿಳಿದು ಹೋದ.

ಮರೂಸೋಳ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಎರಡೂ ಕೈ ಕೊಡದ ಮೇಲಿದ್ದವು, ಒರೆಸಿಕೊಳ್ಳಲು ಬಿಡುವಿರಲಿಲ್ಲ. ಎಲ್ಲವನ್ನೂ ಮಹಡಿಯಿಂದ ನೋಡುತ್ತಿದ್ದ ಅರ್ಗೀರೋ ಅತ್ತೆ ಕಿಟಕಿಯಿಂದಾಚೆ ಅರ್ಧ ಬಾಗಿದಳು.

“ಏ ಪೆದ್ದ! ಅವಳು ಮಾತಾಡೋ ಹಾಗಿಲ್ಲ ಕಣೋ!”

ಅವನಾಗಲೇ ತಿರುವು ದಾಟಿದ್ದ. ಅತ್ತೆ ಕೆಳಗಿನ ಅಂಗಳದಲ್ಲಿ ಬಟ್ಟೆ ಒಣಹಾಕುವವಳಿಗೆ ಕೂಗಿದಳು: “ಆ ಬಡಗೀನ ನಿಲ್ಸೇ! ಹುಡುಗಿ ಹೊತ್ತಿರೋದು ಮಾತಾಡದ ನೀರು ಅಂತ ಹೇಳೇ!” ಅವಳು ಕ್ಷೌರದಂಗಡಿಗೆ ಕೂಗಿದಳು, ಕ್ಷೌರಿಕ ಕಾಫಿ ಅಂಗಡಿಗೆ, ಕಾಫಿ ಅಂಗಡಿಯವರು ಬಲೆ ನೇಯುವವರಿಗೆ... ಸಂಜೆಯೆಲ್ಲ ಮರೂಸೋಳನ್ನು ಮಾತಾಡಿಸಲು ಹೆಣಗಿದ ಕೇರಿಯೇ ಈಗ ಅವಳ ಮಾತಾಗಿ ಕಡಲಿನತ್ತ ಧುಮುಕಿತು! ಹಗ್ಗ ಬಿಚ್ಚಿದ ದೋಣಿ ದಡದಿಂದ ಎರಡು ಮಾರು ಸರಿದಿದ್ದಾಗ ಪಾಂದೆಲಿಸ್ ಮೀನಿನ ಬುಟ್ಟಿ ಬಿಸಾಡಿ ಅರಚಿದ. ಸ್ವಲ್ಪ ಹೊತ್ತಿಗೆ ಬಾಯಿಂದ ಬಾಯಿಗೆ ಏರುತ್ತ ಉತ್ತರ ಬಂತು.

“ಹಾಗಾದ್ರೆ ಹೌದಾ, ಇಲ್ವಾ ಅಂತ ಕೇಳ್ತಿದ್ದಾನೆ ಕಣೇ!”

ಉಳಿದಿದ್ದು ನಲವತ್ತು ಮೆಟ್ಟಿಲು. ಮರೂಸೋ ಓಡಲಿಲ್ಲ, ಒಂದು ಹನಿಯನ್ನೂ ಚೆಲ್ಲಲಿಲ್ಲ. ಅಂಗಳ ಸೇರಿ, ಕೊಡವನ್ನು ಹುಡುಗಿಯರ ಕೈಗಿತ್ತು, ಗೋಡೆಯ ಮೇಲೆ ಬಾಗಿ, ಎದೆ ಬಿರಿಯುವಂತೆ ಕೂಗಿದಳು.

“ಹೌದು! ಹೌದು ಅಂತ ಹೇಳ್ರೋ!”

ಆ ಮಾತು ಇಳಿಯಿತು. ದಡದಲ್ಲಿ ಪಾಂದೆಲಿಸ್ ಅದಕ್ಕೆ ತನ್ನದೂ ಸೇರಿಸಿದ: “ಹೌದಂತೆ ಕಣಯ್ಯಾ! ಹಬ್ಬಕ್ಕೆ ಬರ್ಲಿಲ್ಲಾಂದ್ರೆ ನಾವೆಲ್ಲ ಅಲೆಕ್ಸಾಂಡ್ರಿಯಾಕ್ಕೇ ಬರ್ತೀವಿ!” ದೂರ ಸರಿಯುತ್ತಿದ್ದ ದೋಣಿಯಲ್ಲಿ ಸ್ಟೆರ್ಯೋಸ್ ಟೋಪಿ ಬೀಸಿದ.

ಪ್ರೇಮವೆಂದರೆ ಇಬ್ಬರ ಏಕಾಂತ ಎನ್ನುತ್ತಾರೆ... ಇರಬಹುದು. ಆದರೆ ಸ್ಮಿರ್ನಾದ ದಡದಲ್ಲಿ ಗಂಡನನ್ನು ಕಳೆದುಕೊಂಡ ಅರ್ಗೀರೋ ಅತ್ತೆ, ಯಾರೂ ಹೆಣ್ಣು ಕೊಡದ ಮುದಿ ಕ್ಷೌರಿಕ, ಜಗಳವಾಡಿ ಒಬ್ಬರೊಡನೊಬ್ಬರು ಮಾತು ಬಿಟ್ಟು ಎರಡು ವರ್ಷವಾಗಿದ್ದ ನೆರೆಹೊರೆಯವರು, ಎಲ್ಲರೂ ಆ ಪದವನ್ನು ಒಂದು ಕ್ಷಣ ತಮ್ಮದೇ ಎಂಬಂತೆ ನಾಲಗೆಯ ಮೇಲೆ ಹೊತ್ತು ಮುಂದಕ್ಕೆ ಕೊಟ್ಟರು. ಒಬ್ಬರ ಹೃದಯದ ಸುಖ ಇನ್ನೊಬ್ಬರ ಕಂಠದಲ್ಲಿ ಹಾಯುವಾಗ ಅಲ್ಲೂ ತುಸು ಉಳಿಯುತ್ತದೆ. ಆ ಸಂಜೆ ಕಾಸ್ತೆಲ್ಲಾದಲ್ಲಿ ‘ಹೌದು’ ಎನ್ನದ ಬಾಯಿ ಒಂದೂ ಇರಲಿಲ್ಲ.